ಗಟ್ಟಿ ಉಕ್ಕಿಗೆ ಗಟ್ಟಿ ಟೂಲೇ ಬೇಕೆ?

ಸಿಗಂದೂರಿನ ಸುತ್ತ ಹರಡಿಕೊಂಡಿರುವ ಲಿಂಗನಮಕ್ಕಿ ಹಿನ್ನೀರು ಮುಂದೆ ಶರಾವತಿ ವಿದ್ಯುದಾಗಾರದಲ್ಲಿ ಪೆಲ್ಟನ್ ಚಕ್ರಗಳನ್ನು ತಿರುಗಿಸುತ್ತದೆ. ಇಂಥ ಚಕ್ರಗಳಿಗೆ ಈಗ ಸಾಮಾನ್ಯವಾಗಿ ಬಳಸುವುದು ಶೇ 13ರಷ್ಟು ಕ್ರೋಮಿಯಂ, ಶೇ 4ರಷ್ಟು ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕು. ನೀರಿನ ಹೊಡೆತಕ್ಕೆ ಜಗ್ಗದ ಈ ಲೋಹ ಮಷೀನಿನ ಮೇಲೂ ಸುಲಭಕ್ಕೆ ಜಗ್ಗುವುದಿಲ್ಲ. ಅದಕ್ಕಿಂತ ಗಡಸಾದ ಟೂಲ್ ಹಿಡಿದರಾಯಿತು ಅನ್ನುವವರು ಬಹಳ. ಆದರೆ ಟೂಲಿನ ಬಾಯಿ ಕೆಡುವುದು ಬಹುಮಟ್ಟಿಗೆ ಬಿಸಿಯಿಂದ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಶಾಖ ಬೇಗ ಹರಿದುಹೋಗದೆ ಬಾಯಂಚಿನಲ್ಲೇ ನಿಲ್ಲುತ್ತದೆ. ವಜ್ರಕ್ಕಿಂತ ಗಡಸು ಯಾವುದಿದೆ? ಆದರೂ ಉಕ್ಕಿನ ಕೆಲಸಕ್ಕೆ ಅದು ಒಗ್ಗದು. ಆ ಕಾವಿನಲ್ಲಿ ವಜ್ರದ ಇಂಗಾಲ ಕಬ್ಬಿಣದೊಳಗೆ ಸೇರಿ ಅಂಚು ಸವೆಯುತ್ತದೆ.

ಇಂಥ ಬಿಸಿ ತಾಳುವ ಟೂಲ್ ಸಿಕ್ಕಿದ್ದು ಒಂದು ಮುಖಭಂಗದ ಬೆನ್ನಿಗೆ. 1898ರಲ್ಲಿ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಫ್ರೆಡ್ರಿಕ್ ಟೇಲರ್, ಟೂಲಿಗೆ ತಾನು ಆರಿಸಿದ ಉಕ್ಕೇ ಮೇಲು ಎಂದು ತೋರಿಸಲು ಮೇಸ್ತ್ರಿಗಳನ್ನು ಕರೆಸಿದ. ಅವರ ಕಣ್ಣೆದುರೇ ಟೂಲ್ ಸೋತಿತು. ಹದ ಮಾಡುವಾಗ ಕಾವು ಮಿತಿಮೀರಿರಬೇಕೆಂಬ ಗುಮಾನಿ ಹುಟ್ಟಿತು. ಟೇಲರ್ ಮತ್ತು ಲೋಹತಜ್ಞ ಮೌನ್ಸೆಲ್ ವೈಟ್ ಬೇರೆಬೇರೆ ಕಾವಿನಲ್ಲಿ ಪರೀಕ್ಷಿಸುತ್ತ ಹೋದರು. ಉಕ್ಕು ಕೆಟ್ಟೇ ಹೋಯಿತೆಂದು ಕೆಲಸಗಾರರು ನಂಬಿದ್ದ ಮಟ್ಟವನ್ನೂ ದಾಟಿ, ಕರಗುವುದಕ್ಕೆ ತುಸು ಮೊದಲಿನವರೆಗೆ ಕಾಯಿಸಿದ ಕ್ರೋಮಿಯಂ–ಟಂಗ್‌ಸ್ಟನ್ ಉಕ್ಕು ಎಲ್ಲವನ್ನೂ ಮೀರಿಸಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಕಂಡದ್ದು ಇದನ್ನೇ: ಟೂಲಿನ ಮೂತಿ ಕೆಂಪಗೆ ಕಾದಿದೆ, ನೀಲಿ ಬಣ್ಣಕ್ಕೆ ತಿರುಗಿದ ಸುರುಳಿ ಎದ್ದು ಬರುತ್ತಿದೆ, ಕೆಲಸ ಮಾತ್ರ ನಿಂತಿಲ್ಲ.

1920ರ ದಶಕದಲ್ಲಿ ಜರ್ಮನಿಯಿಂದ ಕಾರ್ಬೈಡ್ ಬಂತು. ಅಲ್ಲೂ ಕೊಡುಕೊಳ್ಳುವಿಕೆ ತಪ್ಪಲಿಲ್ಲ. ಅದರ ಕಣಗಳನ್ನು ಹಿಡಿದಿಡುವ ಕೋಬಾಲ್ಟ್ ಹೆಚ್ಚಿಸಿದರೆ ಏಟು ತಾಳುತ್ತದೆ, ಗಡಸುತನ ಇಳಿಯುತ್ತದೆ. ಕಡಿಮೆ ಮಾಡಿದರೆ ಸವೆತ ತಗ್ಗುತ್ತದೆ, ಅಂಚು ಮುರಿಯುವ ಭಯ. ಇದನ್ನೆಲ್ಲ ಈಗ ಕಂಪನಿಗಳ ಕೆಟಲಾಗೇ ಹೇಳುತ್ತದಲ್ಲ ಎನ್ನಬಹುದು. ಹೇಳುತ್ತದೆ, ಮತ್ತು ಅದನ್ನು ನೋಡಲೇಬೇಕು. ಆದರೆ ಸವೆದ ಚಕ್ರದ ಬಟ್ಟಲಿಗೆ ವೆಲ್ಡ್ ತುಂಬಿದಾಗ ಒಂದೆಡೆ ಉಬ್ಬು, ಒಂದೆಡೆ ತಗ್ಗು. ಟೂಲ್ ತಾಗುತ್ತದೆ, ತಪ್ಪುತ್ತದೆ, ಮತ್ತೆ ಬಡಿಯುತ್ತದೆ. ಮಷೀನು ಹಳೆಯದಾಗಿ ಅದುರುತ್ತಿದ್ದರೆ ಪುಸ್ತಕದ ಸ್ಪೀಡು ನಡೆಯದು. ಹೆದರಿ ಫೀಡ್, ಅಂದರೆ ಟೂಲ್ ಮುಂದೆ ಸರಿಯುವ ದರ, ತೀರಾ ಇಳಿಸಿದರೆ ಟೂಲ್ ಕಡಿಯದೆ ಬರೀ ಉಜ್ಜುತ್ತದೆ, ಬಿಸಿ ಇನ್ನಷ್ಟು ಏರುತ್ತದೆ. ಇಂಥ ಬಡಿತದಲ್ಲಿ ಕೋಬಾಲ್ಟ್ ಹೆಚ್ಚಿರುವ, ಕಡಿಮೆ ಗಡಸಿನ ಕಾರ್ಬೈಡೇ ಬಾಳುತ್ತದೆ. ಸುರುಳಿಯ ಬಣ್ಣ ನೋಡಿ, ಕಡಿತದ ಸದ್ದು ಕೇಳಿ ಅದನ್ನು ನಿರ್ಧರಿಸಬಲ್ಲವನು ಅನುಭವಿ ಟರ್ನರ್. ಇಂಥ ಟರ್ನರುಗಳು ದುಡಿದ, 1923ರಲ್ಲಿ ಉತ್ಪಾದನೆ ಶುರುಮಾಡಿದ ನಮ್ಮದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಕಾರ್ಖಾನೆ ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಮಾತೆಲ್ಲ ನಷ್ಟದ ಲೆಕ್ಕದ ಸುತ್ತಲೇ ನಡೆಯಿತು. ಯಾವ ಉಕ್ಕಿಗೆ ಯಾವ ಟೂಲ್, ಎಷ್ಟು ಸ್ಪೀಡು, ಹೇಗೆ ಸಾಣೆ ಎಂಬುದನ್ನು ಅಲ್ಲಿನ ನಿವೃತ್ತ ಟರ್ನರುಗಳಿಂದ ಕೇಳಿ ಬರೆದಿಡುವ ಕೆಲಸ ಇನ್ನಾದರೂ ಶುರುವಾಗಬೇಕು, ಅವರು ನಮ್ಮ ನಡುವೆ ಇರುವಾಗಲೇ.