ಹಕ್ಕುಗಳ ಮೂಲ ಮತ್ತು ಪ್ರಭುತ್ವದ ಮಿತಿ: ನಾಬೋತನ ತೋಟದ ಬೆಳಕಿನಲ್ಲಿ ಒಂದು ವಿಚಾರ

ಮನುಷ್ಯನಿಗೆ ಬದುಕುವ ಹಕ್ಕನ್ನು ಕೊಟ್ಟವರು ಯಾರು? ಸರಕಾರವೇ ಕೊಟ್ಟಿದ್ದರೆ ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರಕಾರಕ್ಕೆ ಇರುತ್ತದೆ. ದೇವರು ಕೊಟ್ಟಿದ್ದರೆ ಸರಕಾರವು ಅದನ್ನು ಗುರುತಿಸಿ ಕಾಯಬಹುದೇ ಹೊರತು ಅದರ ಒಡೆಯನಾಗಲಾರದು. ಈ ಪ್ರಶ್ನೆ ದೈವಶಾಸ್ತ್ರದ ತರಗತಿಗೆ ಮಾತ್ರ ಸೇರಿದುದಲ್ಲ. ಹಕ್ಕು ಸಂವಿಧಾನದ ಕೊಡುಗೆಯೇ ಅಥವಾ ಅದಕ್ಕಿಂತ ಮೊದಲೇ ಇದ್ದುದೇ ಎಂಬ ರೂಪದಲ್ಲಿ ಅದು ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ನ್ಯಾಯಾಲಯವು 1976ರಲ್ಲಿ ಒಂದು ಉತ್ತರವನ್ನೂ 2017ರಲ್ಲಿ ಅದಕ್ಕೆ ವಿರುದ್ಧವಾದ ಉತ್ತರವನ್ನೂ ಕೊಟ್ಟಿತು. ಮೊದಲು ಸತ್ಯವೇದದ ಬೋಧನೆಯನ್ನು ಗಮನಿಸಿ, ಅದರ ಬೆಳಕಿನಲ್ಲಿ ಈ ಎರಡು ಉತ್ತರಗಳನ್ನು ಪರಿಶೀಲಿಸೋಣ.

ಸತ್ಯವೇದದ ಸಾಕ್ಷ್ಯ

ಪುರಾತನ ಐಗುಪ್ತ ಮೊದಲಾದ ದೇಶಗಳಲ್ಲಿ ದೇವರ ಸ್ವರೂಪವೆಂಬ ಬಿರುದು ಅರಸನಿಗೆ ಸಲ್ಲುತ್ತಿತ್ತು. ಆದಿಕಾಂಡವು ಅದನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಸಕಲ ಮನುಷ್ಯರಿಗೂ ಸಲ್ಲಿಸಿತು (1:27). ನರಹತ್ಯೆಯ ನಿಷೇಧಕ್ಕೂ ಇದೇ ಆಧಾರವಾಯಿತು (9:6). ಆದಕಾರಣ ಮನುಷ್ಯನ ಘನತೆಯು ಅವನ ಪದವಿ, ಕುಲ ಅಥವಾ ಪೌರತ್ವದಿಂದ ಬಂದುದಲ್ಲ. ಅರಸನಾದರೋ ಧರ್ಮಶಾಸ್ತ್ರದ ಪ್ರತಿಯನ್ನು ಬರೆಯಿಸಿಕೊಂಡು ದಿನವೂ ಓದಬೇಕು, ತನ್ನ ಸಹೋದರರಿಗಿಂತ ತಾನು ಮೇಲೆಂದು ಹೆಚ್ಚಿಸಿಕೊಳ್ಳಬಾರದು (ಧರ್ಮೋಪದೇಶಕಾಂಡ 17:18–20).

ಈ ಬೋಧನೆಯು ಪರೀಕ್ಷೆಗೆ ಒಳಗಾದುದು ಇಜ್ರೇಲಿನ ಒಂದು ದ್ರಾಕ್ಷೆಯ ತೋಟದಲ್ಲಿ (1 ಅರಸುಗಳು 21). ಅಹಾಬನು ನಾಬೋತನಿಗೆ ಇನ್ನೂ ಒಳ್ಳೆಯ ತೋಟವನ್ನಾಗಲಿ ತಕ್ಕ ಬೆಲೆಯನ್ನಾಗಲಿ ಕೊಡಲು ಸಿದ್ಧನಿದ್ದನು. ನಾಬೋತನು ಒಪ್ಪಲಿಲ್ಲ. ಭೂಮಿ ಯೆಹೋವನದು (ಯಾಜಕಕಾಂಡ 25:23). ಪಿತೃಗಳಿಂದ ಬಂದ ಸ್ವಾಸ್ತ್ಯವನ್ನು ಮಾರುವ ಸ್ವಾತಂತ್ರ್ಯ ತನಗಿಲ್ಲವೆಂದು ಅವನು ಬಲ್ಲನು. ಅಹಾಬನಿಗೂ ಇದು ತಿಳಿದಿತ್ತು. ಆದ್ದರಿಂದಲೇ ಅವನು ತೋಟವನ್ನು ಬಲಾತ್ಕಾರದಿಂದ ಕಸಿದುಕೊಳ್ಳದೆ ಮುಖ ಸಪ್ಪಗೆ ಮಾಡಿಕೊಂಡು ಮಂಚದ ಮೇಲೆ ಬಿದ್ದುಕೊಂಡನು.

ಈಜೆಬೆಲಳು ಸೈನಿಕರನ್ನು ಕಳುಹಿಸಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಅವಳು ಅರಸನ ಮುದ್ರೆಯೊತ್ತಿ ಪತ್ರ ಬರೆದಳು, ಉಪವಾಸವನ್ನು ಸಾರಿಸಿದಳು, ಹಿರಿಯರನ್ನು ಕೂಡಿಸಿದಳು, ಧರ್ಮಶಾಸ್ತ್ರವು ಕೇಳುವ ಇಬ್ಬರು ಸಾಕ್ಷಿಗಳನ್ನೂ ಒದಗಿಸಿದಳು. ಹೊರನೋಟಕ್ಕೆ ವಿಚಾರಣೆಯ ಕ್ರಮದಲ್ಲಿ ಯಾವ ಲೋಪವೂ ಇರಲಿಲ್ಲ. ಆದರೂ ಎಲೀಯನು ಅದನ್ನು ಕೊಲೆ ಎಂದೇ ಕರೆದನು. ಕಾನೂನಿನ ರೂಪವಿದ್ದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗುವುದಿಲ್ಲ.

ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ಇದಕ್ಕೆ ವಿರುದ್ಧವಲ್ಲವೇ ಎಂದು ಕೇಳಬಹುದು. ಪೌಲನು ಅಲ್ಲಿ ಅಧಿಕಾರಿಯನ್ನು ದೇವರ ಸೇವಕನೆಂದು ಕರೆಯುತ್ತಾನೆ. ಸೇವಕನಿಗೆ ಒಡೆಯನೊಬ್ಬನಿದ್ದಾನೆ, ಜನರ ಹಿತವೇ ಅವನಿಗೆ ನೇಮಿಸಿದ ಕೆಲಸ. ಇದೇ ಪೌಲನು ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡಿಸಿದ ಅಧಿಪತಿಗಳು ತಾವೇ ಬಂದು ತನ್ನನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದು ಪಟ್ಟುಹಿಡಿದನು (ಅಪೊಸ್ತಲರ ಕೃತ್ಯಗಳು 16:37). ಅಧಿಕಾರಕ್ಕೆ ಸಲ್ಲಬೇಕಾದ ಗೌರವವೂ ಅಧಿಕಾರವನ್ನು ಅದರ ಮಿತಿಯಲ್ಲಿ ನಿಲ್ಲಿಸುವ ಧೈರ್ಯವೂ ಅವನಲ್ಲಿ ಒಟ್ಟಿಗೇ ಇದ್ದವು.

ನ್ಯಾಯಾಲಯದ ಎರಡು ಉತ್ತರಗಳು

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಅದರ ಬೆನ್ನಿಗೇ ಜೀವ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸುವ 21ನೆಯ ವಿಧಿಯೂ ಸೇರಿದಂತೆ ಕೆಲವು ವಿಧಿಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ರಾಷ್ಟ್ರಪತಿಗಳ ಆಜ್ಞೆಯು ಅಮಾನತಿನಲ್ಲಿಟ್ಟಿತು. ವಿಚಾರಣೆಯಿಲ್ಲದೆ ಬಂಧಿತರಾದವರ ಅರ್ಜಿಗಳನ್ನು ಆಲಿಸಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ಬೆಂಗಳೂರಿನಲ್ಲಿ ಸೆರೆಯಾಗಿದ್ದ ವಿರೋಧಪಕ್ಷದ ನಾಯಕರ ಅರ್ಜಿಗಳು ಬಂದ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅವುಗಳಲ್ಲಿ ಒಂದು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಇದನ್ನು ತಳ್ಳಿಹಾಕಿದರು. ಜೀವದ ಹಕ್ಕಿಗೆ 21ನೆಯ ವಿಧಿಯೊಂದೇ ನೆಲೆ. ಆ ಬಾಗಿಲು ಮುಚ್ಚಿದರೆ ಬೇರೆ ಬಾಗಿಲಿಲ್ಲ ಎಂಬುದು ಅವರ ತರ್ಕ. ಅಧಿಕಾರಿಯೊಬ್ಬನು ಅಕ್ರಮವಾಗಿ ಜೀವ ತೆಗೆದರೂ ನ್ಯಾಯಾಲಯವು ನಿರುಪಾಯವೆಂದು ಸರಕಾರದ ಪರವಾಗಿ ಅಟಾರ್ನಿ ಜನರಲ್ ಒಪ್ಪಿಕೊಂಡಿದ್ದರು.

ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. ಜೀವ ಮತ್ತು ಸ್ವಾತಂತ್ರ್ಯದ ಪಾವಿತ್ರ್ಯವು ಸಂವಿಧಾನಕ್ಕಿಂತ ಹಿಂದಿನದು. 21ನೆಯ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿದುಕೊಳ್ಳಲು ಪ್ರಭುತ್ವಕ್ಕೆ ಅಧಿಕಾರವಿಲ್ಲ ಎಂಬುದು ಅವರ ನಿಲುವು. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಅವರು ರಾಜೀನಾಮೆ ಕೊಟ್ಟರು.

1978ರ 44ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯ ಜಾರಿಯನ್ನು ಅಮಾನತುಗೊಳಿಸಕೂಡದೆಂದು ವಿಧಿಸಿತು. ಆಮೇಲೆ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು 1976ರ ತೀರ್ಪನ್ನು ರದ್ದುಗೊಳಿಸಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕುಗಳನ್ನು ಸಂವಿಧಾನವು ಸೃಷ್ಟಿಸಲಿಲ್ಲ, ಗುರುತಿಸಿತು ಎಂಬುದು ಹೊಸ ಉತ್ತರ.

ದೇವರ ಹೆಸರು ಮತ್ತು ಪ್ರಭುತ್ವ

ಹಕ್ಕುಗಳು ದೇವರಿಂದ ಬಂದವೆಂದು ನ್ಯಾಯಾಲಯವು ಹೇಳಲಿಲ್ಲ, ಸಂವಿಧಾನವೂ ಹೇಳುವುದಿಲ್ಲ. ಇದು ಕೊರತೆಯೇ? 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಸಂವಿಧಾನ ಸಭೆಯಲ್ಲಿ ಸೂಚಿಸಿದರು. 41 ಮಂದಿ ಪರವಾಗಿಯೂ 68 ಮಂದಿ ವಿರೋಧವಾಗಿಯೂ ಮತ ಕೊಟ್ಟುದರಿಂದ ಸೂಚನೆ ಬಿದ್ದುಹೋಯಿತು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಒತ್ತಾಯಿಸಬಾರದೆಂಬುದು ವಿರೋಧಿಸಿದವರ ವಾದಗಳಲ್ಲೊಂದು.

ಕ್ರೈಸ್ತರಾದ ನಾವು ಇದಕ್ಕಾಗಿ ದುಃಖಿಸಬೇಕಾಗಿಲ್ಲ. ಇಜ್ರೇಲಿನ ವಿಚಾರಣೆಯಲ್ಲಿ ದೇವರ ಹೆಸರಿಗೇನೂ ಕೊರತೆಯಿರಲಿಲ್ಲ. ಉಪವಾಸ ಅವನ ಹೆಸರಿನಲ್ಲಿತ್ತು, ಆಪಾದನೆಯೂ ದೇವದೂಷಣೆಯೇ ಆಗಿತ್ತು. ದೇವರ ಹೆಸರನ್ನು ಉಚ್ಚರಿಸುವ ಪ್ರಭುತ್ವವು ಅಷ್ಟರಿಂದಲೇ ಮಿತಿಗೆ ಒಳಪಡುವುದಿಲ್ಲ. ಎಷ್ಟೋ ವೇಳೆ ಆ ಹೆಸರನ್ನೇ ತನ್ನ ಮುದ್ರೆಯಾಗಿ ಬಳಸಿಕೊಳ್ಳುತ್ತದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧುವೆಂದು ಸಾರುವ 13ನೆಯ ವಿಧಿಯು ದೇವರನ್ನು ಹೆಸರಿಸದೆಯೂ ಅಧಿಕಾರವನ್ನು ತಡೆದು ನಿಲ್ಲಿಸುತ್ತದೆ. ಆ ಮಿತಿ ಏಕೆ ಅಲ್ಲಂಘ್ಯವೆಂಬುದಕ್ಕೆ ದೇವಸ್ವರೂಪವೇ ಕಾರಣವೆಂದು ಅರಿಕೆಮಾಡುವ ಕೆಲಸವಾದರೋ ಸಭೆಗೆ ಸೇರಿದ್ದು. ಆ ಕೆಲಸವನ್ನು ನಾವು ಸರಕಾರಕ್ಕೆ ವಹಿಸಿಕೊಡಕೂಡದು.

ಸಭೆಯ ಹೊಣೆ

ದೇವಸ್ವರೂಪವು ಎಲ್ಲರದಾದ ಮೇಲೆ ಹಕ್ಕಿನ ಮಾತೂ ಎಲ್ಲರ ಪರವಾಗಿರಬೇಕು. ನಮ್ಮ ಆಸ್ತಿಗೂ ಸಂಸ್ಥೆಗಳಿಗೂ ಅಪಾಯ ಬಂದಾಗ ಮಾತ್ರ ಎಚ್ಚರಗೊಳ್ಳುವ ಸಭೆಯು ತನ್ನ ಬೋಧನೆಯನ್ನು ತಾನೇ ಅಲ್ಲಗಳೆಯುತ್ತದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಮಾರ್ತೋಮಾ ಸಭೆಯ ಯೂಹಾನೋನ್ ಮಾರ್ತೋಮಾ ಮೆಟ್ರೊಪಾಲಿಟನರು ಪ್ರಧಾನಮಂತ್ರಿಗೆ ಪತ್ರ ಬರೆದು ಪ್ರತಿಭಟಿಸಿದರು, ದೈವಶಾಸ್ತ್ರಜ್ಞ ಎಂ. ಎಂ. ಥಾಮಸರು ಲೇಖನಗಳ ಮೂಲಕ ಎದುರಿಸಿದರು. ಸಭೆಗಳಲ್ಲಿ ಅಂಥವರು ಕೆಲವರೇ. ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಸೆರೆಯಲ್ಲಿರುವವನು, ಊರ ಬಾವಿಯಿಂದ ದೂರವಿಡಲ್ಪಟ್ಟ ದಲಿತನು, ಅನ್ಯಮತದ ನೆರೆಯವನು, ಇವರೆಲ್ಲರಿಗಾಗಿ ನಮ್ಮ ವೇದಿಕೆಯಿಂದ ಪ್ರಾರ್ಥನೆಯೂ ಮಾತೂ ಹೊರಡಬೇಕು.

ನಾಬೋತನ ಕಥೆಯನ್ನು ಪ್ರಸಂಗಿಸುವಾಗ ನಾವು ಸಾಮಾನ್ಯವಾಗಿ ಎಲೀಯನ ಪಕ್ಕದಲ್ಲಿ ನಿಂತುಕೊಳ್ಳುತ್ತೇವೆ. ಆದರೆ ಆ ಅಧ್ಯಾಯದಲ್ಲಿ ಇನ್ನೊಂದು ಗುಂಪೂ ಇದೆ. ಪತ್ರವು ತಲಪಿದ್ದು ನಾಬೋತನ ಊರಿನ ಹಿರಿಯರಿಗೆ. ಅವರು ಅವನನ್ನು ಬಲ್ಲವರು, ಅವನ ನೆರೆಯವರು. ಮುದ್ರೆಯನ್ನು ನೋಡಿದರು, ಬರೆದಂತೆಯೇ ಮಾಡಿದರು. ಅವರಲ್ಲಿ ಒಬ್ಬನಾದರೂ ಪ್ರಶ್ನಿಸಿದನೆಂದು ಸತ್ಯವೇದವು ಹೇಳುವುದಿಲ್ಲ. ಸಭೆಯಲ್ಲಿ ಹಿರಿಯರೆಂಬ ಹೆಸರನ್ನು ಹೊತ್ತಿರುವ ನಾವು ಈ ಭಾಗವನ್ನು ಓದುವಾಗ ಅವರ ಬಳಿಯಲ್ಲಿಯೂ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.