ಹಳೆಯ ಲಾರಿಯ ಎಳೆತ ಕುಗ್ಗಿದಾಗ: ಎಂಜಿನ್ ಬಿಚ್ಚುವ ಮುನ್ನ

ಸಂಡೂರಿನ ಅದಿರು, ಕಂಪ್ಲಿಯ ಭತ್ತ, ಹೊಸಪೇಟೆಯ ಸಣ್ಣ ಕಾರ್ಖಾನೆಗಳ ಸರಕು ಇವೆಲ್ಲವೂ ಒಂದಲ್ಲ ಒಂದು ಹಂತದಲ್ಲಿ ಲಾರಿಯನ್ನೇ ಅವಲಂಬಿಸಿವೆ. ಬಾಡಿಗೆ ದರವನ್ನು ಪೈಪೋಟಿ ನಿರ್ಧರಿಸುತ್ತದೆ; ಡೀಸೆಲ್ ದರ ಮಾಲೀಕನ ಮಾತು ಕೇಳುವುದಿಲ್ಲ. ಅವನ ಹಿಡಿತದಲ್ಲಿ ಉಳಿಯುವುದು ಲೀಟರಿಗೆ ಎಷ್ಟು ದೂರ ಎಂಬ ಲೆಕ್ಕವೊಂದೇ.

ತಿಂಗಳಿಗೆ 3,600 ಕಿ.ಮೀ. ಓಡುವ ಲಾರಿಯೊಂದು ಲೀಟರಿಗೆ 4 ಕಿ.ಮೀ. ಕೊಟ್ಟರೆ 900 ಲೀಟರ್ ಡೀಸೆಲ್ ಸಾಕು. ಅದು 3.6 ಕಿ.ಮೀ.ಗೆ ಇಳಿದರೆ 1,000 ಲೀಟರ್ ಬೇಕು. ಲೀಟರಿಗೆ 90 ರೂ. ಎಂದು ಹಿಡಿದರೂ ತಿಂಗಳಿಗೆ 9,000 ರೂ., ವರ್ಷಕ್ಕೆ 1,08,000 ರೂ. ಹೊಗೆಯಾಗಿ ಹೋದಂತೆ. ಲೀಟರಿಗೆ 400 ಮೀಟರ್ ಕುಗ್ಗಿದ್ದು ಚಾಲಕನ ಗಮನಕ್ಕೂ ಬಾರದೆ ಇರಬಹುದು. ಬಂದಾಗ ಸಾಮಾನ್ಯವಾಗಿ ಸಿಗುವ ಸಲಹೆ ಎರಡು: ಪಂಪು ಏರಿಸುವುದು, ಇಲ್ಲವೇ ಎಂಜಿನ್ ಬಿಚ್ಚುವುದು. ಅನೇಕ ಸಂದರ್ಭಗಳಲ್ಲಿ ದೋಷ ಇರುವುದು ಎಂಜಿನ್ನಿನ ಹೊರಗೆ. ಅದನ್ನು ಪತ್ತೆ ಹಚ್ಚುವ ಖರ್ಚೂ ಅತ್ಯಲ್ಪ.

ಈ ಭಾಗದ ಲಾರಿಗಳ ಹಿನ್ನೆಲೆ

ಅದಿರಿನ ಬೇಡಿಕೆ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು ಈ ಭಾಗದಲ್ಲಿ ಬಹಳ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ 18ರ ತೀರ್ಪು 'ಎ' ಮತ್ತು 'ಬಿ' ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ಅವಕಾಶ ನೀಡಿತು. ಈ ನಡುವೆ ನಿಂತಲ್ಲೇ ನಿಂತ ಲಾರಿಗಳ ಟ್ಯಾಂಕಿನೊಳಗೆ ತೇವ, ತುಕ್ಕು, ಕೆಸರು ಸೇರುವುದು ಸಹಜ. ಅಂದಿನ ಅನೇಕ ಲಾರಿಗಳಲ್ಲಿರುವುದು ಯಾಂತ್ರಿಕ ಪಂಪು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಸಂಸ್ಥೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ ಇಂತಹ ಪಂಪು ಹಳೆಯ ಕೆಲಸಗಾರರ ಬಾಯಲ್ಲಿ 'ಮೈಕೋ ಪಂಪು' ಎಂದೇ ಉಳಿದಿದೆ. ಇಂತಹ ಎಂಜಿನ್ನಿನ ದೋಷ ಪತ್ತೆಗೆ ಕಂಪ್ಯೂಟರ್ ಬೇಕಿಲ್ಲ. ಕ್ರಮಬದ್ಧವಾದ ಪರಿಶೀಲನೆ ಬೇಕು.

ಮೊದಲು ಅಳತೆ

ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳತ್ತ ಏರುವ ಲಾರಿ, ಹಂಪಿಗೆ ಹೋಗುವ ಪ್ರವಾಸಿ ವಾಹನಗಳ ನಡುವೆ ಕಮಲಾಪುರ ದಾಟಿ ಕಂಪ್ಲಿಗೆ ನಿಧಾನವಾಗಿ ಸಾಗುವ ಲಾರಿ, ಚಿತ್ರದುರ್ಗದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಲಾರಿ ಈ ಮೂರರ ಮೈಲೇಜು ಒಂದೇ ಆಗಿರಲು ಸಾಧ್ಯವಿಲ್ಲ. ಆದುದರಿಂದ ಅದೇ ದಾರಿ, ತೂಕದ ಚೀಟಿಯ ಪ್ರಕಾರ ಅದೇ ಹೊರೆ, ಅದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವ ಕ್ರಮದಲ್ಲಿ ಕನಿಷ್ಠ ಮೂರು ಟ್ರಿಪ್ಪುಗಳ ಸರಾಸರಿ ತೆಗೆಯಬೇಕು. ಕಿಲೋಮೀಟರ್ ಮೀಟರು ಸರಿಯಿದೆಯೇ ಎಂಬುದನ್ನು ಹೆದ್ದಾರಿಯ ಕಲ್ಲುಗಳೊಡನೆ ತಾಳೆ ನೋಡಬೇಕು. ಡೀಸೆಲ್ ಸೋರಿಕೆ, ಕಳವು, ಲೋಡಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಎಂಜಿನ್ ಚಾಲೂ ಇಡುವ ರೂಢಿ ಇವು ಈ ಹಂತದಲ್ಲೇ ಬಯಲಾಗುತ್ತವೆ.

ಹೊಗೆ ಕೊಡುವ ಸುಳಿವು

ಹೊರೆ ಹೊತ್ತು ಏರು ಹತ್ತುವಾಗ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು ಎಂದರ್ಥ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪಿನ ಟೈಮಿಂಗ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಹೊಗೆಯೇ ಇಲ್ಲದೆ ಎಳೆತ ಕುಗ್ಗಿದ್ದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲವೆಂದು ಮೊದಲು ಊಹಿಸಬೇಕು. ಎಳೆತ ಚೆನ್ನಾಗಿದ್ದು ಮೈಲೇಜು ಮಾತ್ರ ಕುಸಿದಿದ್ದರೆ ಚಕ್ರಗಳತ್ತ ನೋಡಬೇಕು.

ಗಾಳಿಯ ದಾರಿ

ಗಣಿ ಪ್ರದೇಶದಲ್ಲಿ ಮೊದಲ ಆರೋಪಿ ಕೆಂಪು ಧೂಳು. ಏರ್ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದು. ಹರಿದರೆ ಅದಿರಿನ ಧೂಳು ಒಳಹೊಕ್ಕು ಲೈನರ್ ಮತ್ತು ರಿಂಗುಗಳನ್ನು ಸವೆಸುತ್ತದೆ. ಜೋರಾದ ಗಾಳಿಯ ಒತ್ತಡದಿಂದ ಊದುವುದರಿಂದಲೇ ಫಿಲ್ಟರ್ ಕಾಗದ ಹರಿಯುವುದುಂಟು. ಊದಲೇಬೇಕಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಊದಬೇಕು. ಒಳಗಿನ ಸಣ್ಣ ಫಿಲ್ಟರನ್ನು ಊದಿ ಮತ್ತೆ ಬಳಸದೆ ಬದಲಿಸುವುದೇ ಸರಿ. ಫಿಲ್ಟರಿನ ಆಚೆಗಿನ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಕೆಂಪು ಅಂಟಿದರೆ ಧೂಳು ಒಳಗೆ ಹೋಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟರ್ಬೊ ಇರುವ ಲಾರಿಯಲ್ಲಿ ಹೋಸ್ ಪೈಪಿನ ಬಿರುಕು, ಸಡಿಲ ಕ್ಲ್ಯಾಂಪು, ಧೂಳು ಮೆತ್ತಿದ ಇಂಟರ್‌ಕೂಲರ್ ಇವನ್ನೂ ನೋಡಬೇಕು. ಎಳೆತದ ವೇಳೆ ಸುಯ್ಯೆನ್ನುವ ಶಬ್ದ, ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಸೋರಿಕೆಯ ಗುರುತುಗಳು.

ಡೀಸೆಲಿನ ದಾರಿ

ಟ್ಯಾಂಕಿನ ತಳದ ನೀರು ಮತ್ತು ಕೆಸರನ್ನು ಇಳಿಸಿ, ಜಾಲರಿ ತೊಳೆದು, ಡೀಸೆಲ್ ಫಿಲ್ಟರುಗಳನ್ನು ಬದಲಿಸುವುದು ಮೊದಲ ಕೆಲಸ. ಪೈಪಿನ ಜೋಡಣೆಯಲ್ಲಿ ಗಾಳಿ ಎಳೆದುಕೊಳ್ಳುತ್ತಿದ್ದರೂ, ಫೀಡ್ ಪಂಪು ದುರ್ಬಲವಾಗಿದ್ದರೂ ಏರಿನಲ್ಲಿ ಲಾರಿ ಸೋಲುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಪಂಪಿನ ಲಿವರ್ ಕೊನೆಯವರೆಗೆ ಸರಿಯುತ್ತಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಆ ನಂತರ ನಾಜಲ್‌ಗಳ ಒತ್ತಡ ಮತ್ತು ಸಿಂಪಡಣೆಯನ್ನು ಪರೀಕ್ಷಿಸಿ, ಟ್ಯಾಪೆಟ್ ಅಂತರವನ್ನು ತಯಾರಕರ ಕೈಪಿಡಿಯಂತೆ ಹೊಂದಿಸಬೇಕು.

ಚಕ್ರಗಳು ತಿನ್ನುವ ಡೀಸೆಲ್

ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ, ಬ್ರೇಕ್ ಡ್ರಮ್ಮುಗಳನ್ನು ಮುಟ್ಟದೆ ಹತ್ತಿರದಿಂದ ಕೈ ಹಿಡಿದು ನೋಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಮುಂದಿನ ಚಕ್ರಗಳ ಅಲೈನ್‌ಮೆಂಟ್ ತಪ್ಪಿದ್ದರೂ ಡೀಸೆಲ್ ಹೆಚ್ಚು ಹೋಗುತ್ತದೆ. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ಲಾರಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಎಂಜಿನ್ ನಿರಪರಾಧಿ.

ಪಂಪು ಏರಿಸುವ ಅಪಾಯ

ಇವುಗಳನ್ನು ನೋಡದೆ ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸಿದರೆ ಕೆಲವು ದಿನ ಎಳೆತ ಬಂದಂತೆ ತೋರುತ್ತದೆ. ಗಾಳಿ ಸಾಲದ ಎಂಜಿನ್ನಿಗೆ ಹೆಚ್ಚಿನ ಡೀಸೆಲ್ ಕೊಟ್ಟರೆ ಅದು ಉರಿಯದೆ ಕಪ್ಪು ಹೊಗೆಯಾಗುತ್ತದೆ. ಆಯಿಲ್ ಕೆಡುತ್ತದೆ, ಶಾಖ ಏರಿ ಪಿಸ್ಟನ್ ಮತ್ತು ಟರ್ಬೊ ಹಾಳಾಗುತ್ತವೆ. ಸಣ್ಣ ರಿಪೇರಿ ದೊಡ್ಡ ಸಾಲವಾಗುವುದು ಹೀಗೆ. ಪಂಪಿನಲ್ಲೇ ದೋಷವಿದ್ದರೆ ಅದನ್ನು ಪರೀಕ್ಷಾ ಯಂತ್ರದ ಮೇಲೆ, ತಯಾರಕರ ಅಳತೆಗೆ ಹೊಂದಿಸಬೇಕೇ ಹೊರತು ಕಿವಿಯ ಅಂದಾಜಿನಿಂದಲ್ಲ.

ಇಷ್ಟಾದರೂ ದೋಷ ಉಳಿದು, ಆಯಿಲ್ ವೆಚ್ಚ ಹೆಚ್ಚಿ, ಬ್ರೀದರಿನಿಂದ ಜೋರಾಗಿ ಹೊಗೆ ಹೊಮ್ಮುತ್ತಿದ್ದರೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿಸಬೇಕು. ಆ ಅಂಕಿಗಳು ಕೈಗೆ ಬಂದ ಮೇಲಷ್ಟೇ ಎಂಜಿನ್ ಬಿಚ್ಚುವ ಮಾತು.

ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿವರ್ಷ ಅರ್ಹತಾ ಪತ್ರ ನವೀಕರಿಸಿಕೊಳ್ಳಬೇಕು. ಕಪ್ಪು ಹೊಗೆ ಅಲ್ಲಿಯೂ ಅಡ್ಡಿಯಾಗುತ್ತದೆ. ಪ್ರತಿ ಲಾರಿಗೂ ಒಂದು ಪುಸ್ತಕವಿಟ್ಟು ಡೀಸೆಲ್, ದೂರ, ಹೊರೆ, ಫಿಲ್ಟರ್ ಬದಲಿಸಿದ ದಿನಾಂಕಗಳನ್ನು ಬರೆದಿಡುವುದು ವರ್ತಕನಿಗೆ ಹೊಸ ವಿದ್ಯೆಯೇನಲ್ಲ. ಅಂಗಡಿಯ ಖಾತೆಗೆ ಕೊಡುವ ಶ್ರದ್ಧೆಯಲ್ಲಿ ಕಾಲುಭಾಗವನ್ನು ಈ ಪುಸ್ತಕಕ್ಕೆ ಕೊಟ್ಟರೂ ಮೈಲೇಜಿನ ಇಳಿಕೆ ಮೊದಲ ತಿಂಗಳಲ್ಲೇ ಕಣ್ಣಿಗೆ ಬೀಳುತ್ತದೆ. ಮಾಲೀಕನು ಗ್ಯಾರೇಜಿಗೆ ಅನುಮಾನದ ಬದಲು ಅಂಕಿಗಳೊಡನೆ ಹೋಗಬಲ್ಲನು.