ಮೊಡವೆಯೂ ಅದರ ಮದ್ದೂ

ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ಮಂಡ್ಯದ ಕಾಲೇಜುಗಳಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಮೊಡವೆಯಿಲ್ಲದ ಎಳೆಯ ಮುಖಗಳು ಕೆಲವೇ. ಹಲವರಿಗೆ ಇದು ತಾನಾಗಿ ಬಂದು ತಾನಾಗಿ ಹೋಗುವ ಪೀಡೆ. ಕೆಲವರಿಗೆ ಮಾತ್ರ ಗಂಟುಗಟ್ಟಿ, ಕೀವುಗೂಡಿ, ಮಾಸದ ಕುಳಿಗಳನ್ನು ಉಳಿಸಿಹೋಗುತ್ತದೆ. ಇಂಥವರಿಗೂ ಮದ್ದುಂಟೆ?

ಮೊದಲು ಮೊಡವೆ ಹುಟ್ಟುವ ಬಗೆಯನ್ನು ನೋಡೋಣ. ನಮ್ಮ ಮುಖದ ರೋಮಕೂಪಗಳಿಗೆ ಹೊಂದಿಕೊಂಡು ಮೇದೋಗ್ರಂಥಿಗಳಿವೆ. ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನುಗಳ ಪ್ರೇರಣೆಯಿಂದ ಇವು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ಸತ್ತ ಜೀವಕೋಶಗಳು ಕೂಪದ ಬಾಯನ್ನು ಮುಚ್ಚುತ್ತವೆ. ಹೂಳು ತುಂಬಿದ ಕಾಲುವೆಯಲ್ಲಿ ನೀರು ನಿಲ್ಲುವಂತೆ ಜಿಡ್ಡು ಒಳಗೇ ನಿಲ್ಲುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಿ ಉರಿಯೂತ ಉಂಟಾಗುತ್ತದೆ. ಮುಖವನ್ನು ಎಷ್ಟು ಉಜ್ಜಿ ತೊಳೆದರೂ ಈ ಒಳಗಿನ ತಡೆ ಹೋಗದು.

ಸಾಧಾರಣ ಮೊಡವೆ ಬೆಂಜಾಯ್ಲ್ ಪೆರಾಕ್ಸೈಡ್ ಮುಂತಾದ ಲೇಪಗಳಿಗೆ ಬಗ್ಗುತ್ತದೆ. ಬಗ್ಗದ ಉಗ್ರ ಮೊಡವೆಗೆ ವೈದ್ಯರು ಕೊಡುವ ಗುಳಿಗೆ ಐಸೊಟ್ರೆಟಿನಾಯಿನ್. ಇದು ಎ ಜೀವಸತ್ವದ ಬಂಧು. ಅಮೆರಿಕದ ಗ್ಯಾರಿ ಪೆಕ್ ಮತ್ತು ಸಂಗಡಿಗರು 1979ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. 1982ರಲ್ಲಿ ಆ ದೇಶ ಇದರ ಮಾರಾಟಕ್ಕೆ ಅನುಮತಿಯಿತ್ತಿತು. ಇದು ಮೇದೋಗ್ರಂಥಿಯನ್ನೇ ಕುಗ್ಗಿಸುತ್ತದೆ. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಸಾಮಾನ್ಯವಾಗಿ 4ರಿಂದ 6 ತಿಂಗಳು ಸೇವಿಸಿದರೆ ಬಹುಮಂದಿಗೆ ದೀರ್ಘಕಾಲದ ಉಪಶಮನ ದೊರೆಯುತ್ತದೆ.

ಆದರೆ ಬಲವುಳ್ಳ ಮದ್ದಿಗೆ ಅಪಾಯವೂ ಉಂಟು. ತುಟಿ ಒಣಗುವುದು ಸಾಮಾನ್ಯ. ಯಕೃತ್ತಿಗೆ ತೊಂದರೆಯಾಗಬಹುದು, ರಕ್ತದಲ್ಲಿ ಕೊಬ್ಬು ಏರಬಹುದು. ಆದ್ದರಿಂದ ರಕ್ತಪರೀಕ್ಷೆ ಅವಶ್ಯ. ಮನಸ್ಸು ಕುಗ್ಗಿದರೆ ಕೂಡಲೆ ವೈದ್ಯರಿಗೆ ತಿಳಿಸಬೇಕು. ಎಲ್ಲಕ್ಕಿಂತ ಘೋರವಾದುದು ಗರ್ಭಕ್ಕೆ ಒದಗುವ ಹಾನಿ. ಭ್ರೂಣದ ಅವಯವಗಳು ರೂಪುಗೊಳ್ಳಲು ಎ ಜೀವಸತ್ವದಿಂದ ಹುಟ್ಟುವ ಆಮ್ಲವೊಂದು ಅಳತೆಯರಿತು ಸೂಚನೆ ಕೊಡುತ್ತದೆ. ಗುಳಿಗೆಯು ಈ ಅಳತೆಯನ್ನು ಕೆಡಿಸಿದರೆ ಶಿಶುವಿನ ಮಿದುಳು, ಹೃದಯ, ಮುಖಗಳು ವಿಕಾರಗೊಳ್ಳುತ್ತವೆ. ಮದ್ದು ಸೇವಿಸುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಗರ್ಭಧಾರಣೆ ಕೂಡದು. ಆ ಅವಧಿಯಲ್ಲಿ ಹುಡುಗರಾಗಲಿ ಹುಡುಗಿಯರಾಗಲಿ ರಕ್ತದಾನವನ್ನೂ ಮಾಡಬಾರದು. ಆ ರಕ್ತ ಗರ್ಭಿಣಿಯೊಬ್ಬಳಿಗೆ ಸೇರಬಹುದು.

ಗೆಳೆಯನ ಮಾತು ಕೇಳಿ ಅಂಗಡಿಯಿಂದ ತಂದ ಸ್ಟೀರಾಯ್ಡ್ ಲೇಪ ಇನ್ನೊಂದು ಬಲೆ. ಮೊದಲು ಮುಖ ತಿಳಿಯಾದಂತೆ ತೋರಿ, ಬಳಿಕ ಚರ್ಮ ತೆಳುವಾಗಿ ಹೊಸ ಮೊಡವೆಗಳೇಳುತ್ತವೆ. ಇಂಥ ಹಲವು ಲೇಪಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರ 2018ರಲ್ಲಿ ವಿಧಿಸಿತು.

ಬಿದ್ದ ಕುಳಿಯನ್ನು ಯಾವ ಗುಳಿಗೆಯೂ ತುಂಬದು. ಗಂಟುಗಳು ಕಾಣಿಸಿದಾಗಲೇ ನಾಚಿಕೆ ಬಿಟ್ಟು, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗಕ್ಕೋ ಸಮೀಪದ ಚರ್ಮವೈದ್ಯರಲ್ಲಿಗೋ ಹೋಗುವುದೇ ಜಾಣತನ.